ಕ್ಯಾಷಿಯರ್ ಹೆಂಡತಿ ಹಾಕಿದ ಚೀಟಿ

ಮಾರ್ಚ್ 11, ಸೋಮವಾರ

ಅಂತೂ ಈ ವಾರದ ಚೀಟಿ ಆಯಿತು. ಬೆಳಿಗ್ಗೆಯಿಂದ ಬರೆದು ಹರಿದು, ಬರೆದು ಹರಿದು... ಓನರ್ ಓರೆಗಣ್ಣಿನಲ್ಲಿ ಹಾಳಾದ ರಟ್ಟಿನ ಲೆಕ್ಕ ಹಾಕುತ್ತಿದ್ದರು. ಹಾಕಲಿ. ಪುಸ್ತಕದಂಗಡಿಯ ಕಿಟಕಿಗೆ ಹಾಕುವ ಚೀಟಿಯಲ್ಲಿ ಹೊಗಳಿಕೆ ಇರಕೂಡದು, ಅದು ನನ್ನ ಕಾನೂನು. ‘ಎಲ್ಲರೂ ಓದಲೇಬೇಕಾದ ಕೃತಿ’ ಎಂದು ಬರೆದರೆ ನೊಣವೂ ಒಳಗೆ ಬರುವುದಿಲ್ಲ. ಪ್ರಶ್ನೆ ಬೇಕು. ದಾರಿಯಲ್ಲಿ ಹೋಗುವವರು ನಿಂತು ತಲೆ ಕೆರೆದುಕೊಳ್ಳುವಂಥದ್ದು. ಹೋದ ವಾರ ‘ಬೀದಿಗೆ ದೀಪ ಬಂದ ಮೇಲೆ ಯಾರ ನಿದ್ದೆ ಕಡಿಮೆಯಾಯಿತು?’ ಎಂದು ಬರೆದಿದ್ದೆ. ಕಾರ್ಖಾನೆಗಳ ಇತಿಹಾಸ, ಇಟ್ಟಿಗೆಯಷ್ಟು ದಪ್ಪ. ತರಕಾರಿಯವನು ಕೂಡ ಒಂದು ಕೊಂಡುಹೋದ.

ಇತಿಹಾಸ, ರಾಜಕೀಯ, ಅರ್ಥಶಾಸ್ತ್ರ. ನಾನು ಸೇರುವ ಮುಂಚೆ ಈ ಮೂರೂ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಪರೀಕ್ಷೆಯವರು ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ. ಮೂರನ್ನೂ ಒಂದೇ ಕಪಾಟಿಗೆ ತಂದು ಮೇಲೆ ‘ಯಾಕೆ?’ ಎಂದು ಬೋರ್ಡ್ ಹಾಕಿದೆ. ಬಂದವರನ್ನು ಯಾವ ವಿಷಯ ಇಷ್ಟ ಎಂದು ಕೇಳುವುದಿಲ್ಲ. ಈ ವಾರ ಪೇಪರಿನಲ್ಲಿ ಏನು ಓದಿ ಮೈ ಉರಿಯಿತು ಎಂದು ಕೇಳುತ್ತೇನೆ. ಉರಿ ಎಲ್ಲಿದೆಯೋ ಅಲ್ಲಿಗೆ ಪುಸ್ತಕ ಕೊಡುತ್ತೇನೆ. ಚೆನ್ನಾಗಿಲ್ಲ ಎಂದು ವಾಪಸ್ ತಂದವರು ಇಲ್ಲವೆನ್ನುವಷ್ಟು ಕಡಿಮೆ. ಜಂಬ ಎಂದರೆ ಜಂಬವೇ. ಇದನ್ನು ಯಾರು ಓದಬೇಕು, ಬರೆದುಕೊಳ್ಳುತ್ತೇನೆ.

ಈ ವಾರ ಬ್ಯಾಂಕುಗಳ ಇತಿಹಾಸ. ಎಲ್ಲೆಲ್ಲಿ ಮುಳುಗಿದವು, ಯಾಕೆ ಮುಳುಗಿದವು, ಮುಳುಗುವ ಮುಂಚಿನ ವಾರ ಊರಲ್ಲಿ ಜನ ಏನು ಮಾತಾಡಿಕೊಂಡರು... ಓದುತ್ತ ಓದುತ್ತ ಬಸ್ ಸ್ಟಾಪ್ ತಪ್ಪಿಸಿಕೊಂಡಿದ್ದೆ. ಚೀಟಿ ಹೀಗೆ —

‘ಬ್ಯಾಂಕ್ ಮುಳುಗುವ ಸುದ್ದಿ ಎಲ್ಲರಿಗಿಂತ ಮೊದಲು ಯಾರಿಗೆ ತಿಳಿಯುತ್ತದೆ?’

ಕೆಂಪು ಮಾರ್ಕರಿನಲ್ಲಿ ದಪ್ಪಕ್ಷರ. ಅಂಟಿಸಿದ ಮೇಲೆ ಓನರ್ ರಸ್ತೆಗಿಳಿದು ನೋಡಿದರು. ರಸ್ತೆಯ ಆ ಬದಿಗೆ ಬ್ಯಾಂಕು, ಈ ಬದಿಗೆ ನಾವು. ‘ಎದುರಿಗೆ ಬ್ಯಾಂಕು, ಕಿಟಕಿಯಲ್ಲಿ ಬ್ಯಾಂಕಿನ ಪುಸ್ತಕ. ಒಳ್ಳೇ ಜೋಡಿ ಬಿಡಿ’ ಎಂದು ನಕ್ಕರು. ನಾನೂ ನಕ್ಕೆ. ಆ ಬ್ಯಾಂಕಿನ ಹೆಡ್ ಕ್ಯಾಷಿಯರ್ ನಮ್ಮ ಮನೆಯವರೇ. ಊಟದ ಡಬ್ಬಿ ಹಿಡಿದು ಮಧ್ಯಾಹ್ನ ರಸ್ತೆ ದಾಟಿ ಬರುತ್ತಾರಲ್ಲ, ಓದಿ ಸ್ವಲ್ಪ ಉರಿದುಕೊಳ್ಳಲಿ ಎಂಬ ಆಸೆಯೂ ಇತ್ತು. ಇವರು ಇವತ್ತು ಬರಲಿಲ್ಲ. ಕೆಲಸವಂತೆ.

ಪಕ್ಕದ ಕೋಣೆಯ ಟೈಲರಮ್ಮ ಬಂದಿದ್ದಳು. ಊರಿನ ಜಾಗದ ಬೆಲೆ ಹೇಗೆ ಏರುತ್ತದೆ ಎಂಬ ಪುಸ್ತಕ ಕೊಟ್ಟಿದ್ದೆ. ಓದಿ ಮುಗಿಸಿ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಬಾಡಿಗೆ ಕೋಣೆಯನ್ನು ಕೊಂಡುಕೊಳ್ಳುತ್ತಾಳಂತೆ. ‘ಅಕ್ಕ, ಇನ್ನೂ ಹತ್ತು ವರ್ಷ ಅವನಿಗೆ ಬಾಡಿಗೆ ಕಟ್ಟಿದ್ರೆ ನಾನು ಪೆದ್ದಿ ಅಂತ ನಿಮ್ಮ ಪುಸ್ತಕವೇ ಹೇಳ್ತು.’ ತಿಂಗಳ ಕೊನೆಗೆ ರಿಜಿಸ್ಟ್ರೇಷನ್. ದುಡ್ಡೆಲ್ಲ ಎದುರಿನ ಬ್ಯಾಂಕಿನಲ್ಲೇ ಕೂಡಿಟ್ಟಿದ್ದಾಳೆ. ಹೇಳಿದ ದಿನಕ್ಕೆ ಕೊಡದಿದ್ದರೆ ಕೋಣೆ, ಕಾದು ಕೂತಿರುವ ಮೊಬೈಲ್ ಅಂಗಡಿಯವನ ಪಾಲು. ನನಗೇ ಮನೆ ಕೊಂಡಷ್ಟು ಖುಷಿಯಾಯಿತು.

ಮಾರ್ಚ್ 12, ಮಂಗಳವಾರ

ಬ್ಯಾಂಕಿನ ಪುಸ್ತಕ ಖಾಲಿ. ಒಂದೂವರೆ ದಿನಕ್ಕೆ. ಓನರ್ ಇನ್ನೊಂದು ಕಟ್ಟಿಗೆ ಆರ್ಡರ್ ಹಾಕಿದರು, ಮುಖ ಊರಗಲ.

ಆದರೆ ಬಂದವರ ಮಾತು ಸ್ವಲ್ಪ ವಿಚಿತ್ರ. ಹೂವಿನ ಅಂಗಡಿಯಾಕೆ ಪುಸ್ತಕ ತಿರುವಿ ಹಾಕಿ, ‘ನಿಮ್ಮ ಯಜಮಾನ್ರು ಅಲ್ಲೇ ಅಲ್ವಾ ಕೆಲಸ ಮಾಡೋದು?’ ಎಂದಳು. ಹೌದು ಎಂದೆ. ‘ಹಂಗಾದ್ರೆ ಸರಿ’ ಎಂದು ತಲೆಯಾಡಿಸಿ ಪುಸ್ತಕ ಅಲ್ಲೇ ಇಟ್ಟು ಹೋದಳು. ಏನು ಸರಿಯೋ.

ಸಂಜೆ ಇವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳಿದರು. ‘ಆ ಚೀಟಿ ಬರೀ ಅಂತ ನಿನಗೆ ಯಾರು ಹೇಳಿದ್ರು?’

‘ಯಾರು ಹೇಳ್ತಾರೆ? ಪುಸ್ತಕ ಬಂತು, ಬರೆದೆ.’

‘ಯಾರೂ ಏನೂ ಹೇಳಿಲ್ವಾ? ನಿಜವಾಗಿ?’

‘ಯಾಕ್ರೀ, ನಿಮ್ಮ ಮ್ಯಾನೇಜರ್‌ಗೆ ಚುಚ್ಚಿತಾ?’ ಎಂದು ರೇಗಿಸಿದೆ. ನಗಲಿಲ್ಲ. ಕೈಕಾಲು ತೊಳೆಯಲು ಹೋದವರು ನಲ್ಲಿ ತಿರುಗಿಸಿಕೊಂಡು ಸುಮ್ಮನೆ ನಿಂತಿದ್ದರು. ನೀರು ಹೋಗುತ್ತಲೇ ಇತ್ತು. ಅತ್ತೆ ಒಳಗಿನಿಂದ, ‘ಯಾರಪ್ಪಾ ಅದು, ಕೆರೆ ತುಂಬಿಸ್ತಿರೋದು?’ ಎಂದ ಮೇಲೆ ನಿಲ್ಲಿಸಿದರು.

ಮಾರ್ಚ್ 13, ಬುಧವಾರ

ಜಗಳ. ಬರೆಯುವ ಮನಸ್ಸೂ ಇಲ್ಲ, ಬರೆಯದೆ ಸಮಾಧಾನವೂ ಇಲ್ಲ.

ಇವತ್ತು ಬ್ಯಾಂಕಿನಲ್ಲಿ ಜನ ಡಿಪಾಸಿಟ್ ಮುರಿಸಲು ಬಂದರಂತೆ. ಅವಧಿ ಮುಗಿಯುವ ಮುಂಚೆಯೇ, ಬಡ್ಡಿ ಹೋದರೆ ಹೋಗಲಿ ಎಂದು. ಯಾಕೆ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಒಬ್ಬ, ‘ಕ್ಯಾಷಿಯರ್ ಹೆಂಡ್ತೀನೇ ಬೋರ್ಡ್ ಹಾಕಿದ್ದಾಳಲ್ಲ ಸ್ವಾಮಿ, ಇನ್ನೇನು ಡಂಗುರ ಹೊಡೀಬೇಕಾ?’ ಅಂದನಂತೆ. ಚೀಟಿಯನ್ನು ಅವರು ಹೀಗೆ ಓದಿದ್ದಾರೆ. ಸುದ್ದಿ ಮೊದಲು ಯಾರಿಗೆ ತಿಳಿಯುತ್ತದೆ? ಕ್ಯಾಷಿಯರ್‌ಗೆ. ಆಮೇಲೆ? ಅವನ ಹೆಂಡತಿಗೆ. ಅವಳು ಪಾಪ ಬಾಯಿಬಿಟ್ಟು ಹೇಳಲಾಗದೆ ಪುಸ್ತಕದ ನೆಪದಲ್ಲಿ ನಮಗೆ ಸನ್ನೆ ಮಾಡುತ್ತಿದ್ದಾಳೆ.

ನನಗೆ ಮೊದಲು ನಗು ಬಂತು. ಅದೇ ತಪ್ಪಾಯಿತು.

‘ನಗ್ತೀಯಾ? ಸಣ್ಣ ಬ್ಯಾಂಕು ನಮ್ಮದು. ಒಂದೇ ಬ್ರಾಂಚು. ಈ ಎರಡು ಬೀದಿ ಬಿಟ್ರೆ ನಮಗೆ ಗಿರಾಕಿ ಯಾರಿದ್ದಾರೆ? ನಾಳೆ ಬೆಳಿಗ್ಗೆ ತೆಗಿ ಅದನ್ನ.’

‘ಅದು ಪುಸ್ತಕದ ಚೀಟಿ ರೀ. ಯಾರೋ ಅಡ್ಡಡ್ಡ ಓದಿದ್ರೆ ನಾನೇನು ಮಾಡ್ಲಿ?’

‘ತೆಗಿ ಅಂದೆ.’

ಇಷ್ಟು ವರ್ಷದಲ್ಲಿ ಇವರು ನನ್ನ ಕೆಲಸದಲ್ಲಿ ಮೂಗು ತೂರಿಸಿದ್ದಿಲ್ಲ. ಮೈಯೆಲ್ಲ ಉರಿಯಿತು. ನಾನೂ ಬಾಯಿಗೆ ಬಂದಂತೆ ಅಂದೆ. ಅತ್ತೆ ಟಿವಿ ಸೌಂಡ್ ಕಡಿಮೆ ಮಾಡಿಕೊಂಡು ಕೇಳಿಸಿಕೊಂಡರು. ಕೆಟ್ಟು ಸತ್ತ ರಾಜರ ಕಥೆ ಎಂದರೆ ಅವರಿಗೆ ಪ್ರಾಣ, ಅಂಥ ಪುಸ್ತಕ ಹುಡುಕಿ ಹುಡುಕಿ ತಂದುಕೊಡುತ್ತೇನೆ. ಇವತ್ತು ಮನೆಯಲ್ಲೇ ಸಿಕ್ಕಿತು.

ಮಾರ್ಚ್ 14, ಗುರುವಾರ, ಮಧ್ಯಾಹ್ನ

ಬೆಳಿಗ್ಗೆ ಹೋದವಳೇ ಚೀಟಿ ತೆಗೆದೆ. ಸಿಟ್ಟಿನಲ್ಲಿ ಕಿತ್ತಿದ್ದಕ್ಕೆ ಗಾಜಿನ ಮೇಲೆ ಅಂಟು ಹಾಗೇ ಉಳಿಯಿತು. ಆ ಜಾಗಕ್ಕೆ ಚಹಾದ ಇತಿಹಾಸ ಇಟ್ಟೆ. ‘ಒಂದು ಲೋಟ ಚಹಾಕ್ಕೆ ಎಷ್ಟು ಯುದ್ಧ?’ ಪಾಪದ ಪ್ರಶ್ನೆ. ಯಾರ ತಂಟೆಗೂ ಹೋಗದ್ದು.

ಅಂಗಡಿ ಪೂರ್ತಿ ತೆರೆಯುವ ಹೊತ್ತಿಗೆ ಎದುರಿಗೆ ಕ್ಯೂ. ಬ್ಯಾಂಕಿನ ಮೆಟ್ಟಿಲಿಂದ ಔಷಧಿ ಅಂಗಡಿಯವರೆಗೆ. ‘ತೆಗೆಸಿಬಿಟ್ಟಿದ್ದಾರೆ ನೋಡಿ. ಗಂಡ ಬೈದು ತೆಗೆಸಿರ್ತಾನೆ. ಏನೂ ಇಲ್ದೇ ಇದ್ರೆ ಯಾಕೆ ತೆಗೆಸ್ತಿದ್ದ?’ — ನನ್ನ ಕಿಟಕಿಯ ಮುಂದೆ ನಿಂತೇ ಮಾತಾಡುತ್ತಿದ್ದರು. ಗಾಜಿನ ಮೇಲಿನ ಅಂಟನ್ನು ಒಬ್ಬ ಬೆರಳಿಟ್ಟು ತೋರಿಸಿದ.

ಇಟ್ಟಿದ್ದರೂ ತಪ್ಪು, ತೆಗೆದರೂ ತಪ್ಪು. ಮತ್ತೆ ಹಾಕಿದರೆ? ಓನರ್ ಕೈ ಮುಗಿದರು. ‘ಬೇಡ ಮೇಡಂ. ನೀವು ಇವತ್ತು ಕಿಟಕಿ ಹತ್ತಿರ ಹೋಗಲೇ ಬೇಡಿ.’

ಹೋಗದೆ ಇರಲು ನನ್ನಿಂದ ಆಗಬೇಕಲ್ಲ.

ಸಂಜೆ

ಮಾಡಬಾರದ್ದನ್ನು ಮಾಡಿದೆ. ಹೋಗಿ ಕ್ಯೂಗೆ ಪಾಠ ಹೇಳಿದೆ.

ನನಗೆ ಗೊತ್ತಿರುವುದು ಅದೊಂದೇ ಕೆಲಸ. ಹೆದರಿದವರಿಗೆ ಅರ್ಥವಾದರೆ ಹೆದರಿಕೆ ಹೋಗುತ್ತದೆ ಎಂದುಕೊಂಡೆ. ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಮೆಟ್ಟಿಲ ಹತ್ತಿರ ನಿಂತು ಶುರು ಮಾಡಿದೆ. ‘ನೋಡಿ, ಗಟ್ಟಿಯಾಗಿರೋ ಬ್ಯಾಂಕ್ ಕೂಡ ಎಲ್ಲರೂ ಒಂದೇ ದಿನ ಬಂದು ಕೇಳಿದ್ರೆ ಕೊಡೋಕಾಗಲ್ಲ. ಯಾಕಂದ್ರೆ ನಾವು ಇಟ್ಟ ದುಡ್ಡನ್ನ ಅವರು ಪೆಟ್ಟಿಗೇಲಿ ಇಟ್ಟುಕೊಂಡು ಕೂರಲ್ಲ. ಸಾಲ ಕೊಟ್ಟಿರ್ತಾರೆ. ಒಳಗಿರೋದು ಸ್ವಲ್ಪವೇ. ಅದಕ್ಕೇ ಯಾರೂ ಗಾಬರಿ ಆಗಬಾರದು.’

ಮುಂದಿದ್ದವರು ಹಿಂದಿನವರ ಕಡೆ ತಿರುಗಿ ನೋಡಿದರು. ಆಮೇಲೆ ಹೂವಿನಾಕೆ ಕೇಳಿದಳು. ‘ಅಂದ್ರೆ... ನಮ್ಮ ದುಡ್ಡು ಒಳಗಿಲ್ವಾ?’

ಅಷ್ಟೇ. ಕ್ಯೂ ಇದ್ದದ್ದು ಗುಂಪಾಯಿತು. ‘ಕ್ಯಾಷಿಯರ್ ಹೆಂಡ್ತೀನೇ ಹೇಳಿದ್ಲು, ಒಳಗೆ ದುಡ್ಡಿಲ್ವಂತೆ’ ಎಂದು ಹಿಂದಿನವರಿಗೆ ಮುಂದಿನವರು ಹೇಳಿದರು. ಫೋನು ತೆಗೆದರು. ಮಾರ್ಕೆಟ್ಟಿನಿಂದ ಜನ ಓಡಿ ಬಂದರು. ನಾನು ‘ಹಾಗಲ್ಲ, ಹಾಗಲ್ಲ’ ಎನ್ನುತ್ತ ಮಧ್ಯದಲ್ಲಿ ಸಿಕ್ಕಿಕೊಂಡೆ. ಗಾಜಿನ ಆಚೆ ಕೌಂಟರಿನಲ್ಲಿ ಇವರು ತಲೆ ಎತ್ತಿ ನೋಡಿದರು. ನೋಡಿ ಮತ್ತೆ ನೋಟು ಎಣಿಸತೊಡಗಿದರು.

ಗುಂಪಿನಲ್ಲಿ ನನಗೆ ಬೇಕಾದವರು ಇಬ್ಬರಿದ್ದರು. ಒಬ್ಬಳು ಟೈಲರಮ್ಮ, ಅಳತೆ ಟೇಪು ಕೊರಳಲ್ಲೇ ಇತ್ತು. ಇನ್ನೊಬ್ಬರು ಡ್ರೈವರ್ — ಬಸ್ ಓಡಿಸಿ ರಿಟೈರ್ ಆದವರು, ನಮ್ಮ ಅಂಗಡಿಯ ಸ್ಟೂಲಿನ ಕಾಯಂ ಯಜಮಾನರು. ರಾಜಕೀಯ ಬಿಟ್ಟು ಬೇರೆ ಓದುವುದಿಲ್ಲ, ಓದಿದ ಪ್ರತಿ ಪುಸ್ತಕದ ಜೊತೆ ಜಗಳವಾಡುತ್ತಾರೆ. ರಿಟೈರ್ ಆದಾಗ ಬಂದದ್ದೆಲ್ಲ ಇದೇ ಬ್ಯಾಂಕಿನಲ್ಲಿದೆ. ಎರಡೂ ಮೊಣಕಾಲಿಗೆ ಆಪರೇಷನ್ ಆಗಬೇಕು. ಬಿಸಿಲಲ್ಲಿ ಗೋಡೆ ಹಿಡಿದು ನಿಂತಿದ್ದರು.

‘ಮೇಡಂ, ನೀವೇ ಹೇಳಿ’ ಎಂದರು. ‘ಇಲ್ಲಿವರೆಗೂ ನೀವು ಓದಿ ಅಂದಿದ್ದು ಒಂದೂ ದಂಡ ಆಗಿಲ್ಲ. ತೆಗೀಲಾ, ಬಿಡ್ಲಾ?’

ಇಬ್ಬರನ್ನೂ ಪಕ್ಕಕ್ಕೆ ಕರೆದೆ. ‘ಬ್ಯಾಂಕಿಗೆ ಏನೂ ಆಗಿಲ್ಲ. ಇದೆಲ್ಲ ನನ್ನ ಚೀಟಿಯಿಂದ ಆದ ರಾದ್ಧಾಂತ. ಇವರು ಒಳಗೇ ಇದ್ದಾರೆ, ಏನಾದ್ರೂ ಇದ್ರೆ ನನಗೆ ಗೊತ್ತಾಗಲ್ವಾ? ಮನೆಗೆ ಹೋಗಿ.’

ಡ್ರೈವರ್ ನನ್ನ ಮುಖ ನೋಡಿದರು. ‘ನೀವು ಹೇಳಿದ ಮೇಲೆ ಆಯ್ತು’ ಎಂದು ಕ್ಯೂ ಬಿಟ್ಟು ಹೊರಟರು. ಹೋಗುತ್ತ ಇನ್ನಿಬ್ಬರಿಗೆ, ‘ಬುದ್ಧಿ ಇರೋರು ಮನೆಗೆ ಹೋಗ್ರಪ್ಪಾ’ ಎಂದು ಬೈದರು ಕೂಡ. ಟೈಲರಮ್ಮ ಅರೆಮನಸ್ಸಿನಿಂದ ಮಿಷನ್ ಹತ್ತಿರ ವಾಪಸಾದಳು. ಇವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಮಾರ್ಚ್ 15, ಶುಕ್ರವಾರ

ಮ್ಯಾನೇಜರ್ ಅಂಗಡಿಗೆ ಬಂದಿದ್ದರು. ಇಷ್ಟು ದಿನ ಒಂದು ಪುಸ್ತಕವನ್ನೂ ಮೂಸಿ ನೋಡದ ಮನುಷ್ಯ. ಶರ್ಟಿನ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿ ಕೊಡುತ್ತಿದ್ದಾರಂತೆ. ನಾಳೆ ಶನಿವಾರ, ಒಂದು ಗಂಟೆಗೆ ಕೌಂಟರ್ ಮುಚ್ಚುತ್ತದೆ. ಸೋಮವಾರ ಹೊರಗಿನಿಂದ ದುಡ್ಡು ಬರುತ್ತದೆ. ಅಲ್ಲಿಯವರೆಗೆ ದಾಟಿಸಿದರೆ ಸಾಕು.

‘ಇನ್ನೊಂದು ಚೀಟಿ ಬರೀರಿ ಅಮ್ಮ. ನಮ್ಮ ಬ್ಯಾಂಕ್ ಭದ್ರ ಅಂತ. ನೀವು ಬರೆದ್ರೆ ನಂಬ್ತಾರೆ.’

‘ನನ್ನ ಚೀಟೀಲಿ ಹೊಗಳಿಕೆ ಇರಲ್ಲ ಸರ್’ ಎಂದುಬಿಟ್ಟೆ. ಓನರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಕೊನೆಗೆ ಚೀಟಿ ಬರೆಯಲಿಲ್ಲ, ಆದರೆ ಮಧ್ಯಾಹ್ನ ಎಲ್ಲರೂ ನೋಡುವಂತೆ ಹೋಗಿ ಈ ತಿಂಗಳ ಸಂಬಳ ಕಟ್ಟಿ ಬಂದೆ. ಪುಸ್ತಕದಲ್ಲಿ ಹಾಗೆ ಮಾಡಿ ಬ್ಯಾಂಕ್ ಉಳಿಸಿದವರ ಕಥೆ ಇದೆ. ಕೌಂಟರಿನಲ್ಲಿ ಇವರೇ ಕೂತಿದ್ದರು. ಸ್ಲಿಪ್ಪಿಗೆ ಸೀಲು ತಲೆಕೆಳಗಾಗಿ ಹಾಕಿದರು. ಸುಸ್ತು ಎಂದುಕೊಂಡೆ. ಮೂರು ದಿನದಿಂದ ಸರಿಯಾಗಿ ಊಟವಿಲ್ಲ.

ಮನೆಯಲ್ಲಿ ಸಮಾಧಾನವಾಗಿ ಕೇಳಿದೆ. ‘ರೀ, ಒಂದು ಮಾತು. ಬ್ಯಾಂಕ್ ಚೆನ್ನಾಗಿದೆ ತಾನೆ? ನಾನು ಎಷ್ಟು ಜನಕ್ಕೆ ಹೇಳಿದ್ದೀನಿ.’

‘ಚೆನ್ನಾಗಿದೆ.’

‘ನಿಜ ಹೇಳಿ.’

‘ನಿಜ’ ಎಂದರು. ಪೇಪರು ಅಡ್ಡ ಹಿಡಿದುಕೊಂಡರು. ನನಗೆ ಅಷ್ಟು ಸಾಕಾಯಿತು.

ಮಾರ್ಚ್ 16, ಶನಿವಾರ, ಅಂಗಡಿಯಲ್ಲಿ, ಹನ್ನೊಂದು ದಾಟಿದೆ

ಬೆಳಿಗ್ಗೆಯಿಂದ ಆದದ್ದೇ ತಲೆಯಲ್ಲಿ ಸುತ್ತುತ್ತಿದೆ. ಬರೆದರೆ ನಿಲ್ಲಬಹುದು.

ಹೊರಡುವ ಮುಂಚೆ ಅತ್ತೆ ಮಂಚದ ಕೆಳಗಿನ ಟ್ರಂಕು ಎಳೆದುಕೊಡು ಎಂದರು, ಹೊದಿಕೆ ತೆಗೆಯಬೇಕಂತೆ. ಎಳೆದೆ. ‘ಮೆತ್ತಗೆ ಕಣೇ, ನನ್ನ ದುಡ್ಡಿದೆ ಅದರಲ್ಲಿ.’

‘ಯಾವ ದುಡ್ಡು ಅತ್ತೆ?’

‘ಬ್ಯಾಂಕಿಂದು. ಬುಧವಾರ ತಂದುಕೊಟ್ಟನಲ್ಲ ನಿನ್ನ ಗಂಡ. ಮನೇಲಿರಲಿ ಅಮ್ಮ, ಯಾರಿಗೂ ಹೇಳಬೇಡ ಅಂದ. ನಿನಗೂ ಹೇಳಿಲ್ವಾ?’ — ಕೇಳುವಾಗಲೇ ಅವರಿಗೆ ಬಾಯಿ ತಪ್ಪಿದ್ದು ಗೊತ್ತಾಯಿತು. ಹೊದಿಕೆ ಮಡಚುತ್ತ ಕೂತುಬಿಟ್ಟರು.

ಬುಧವಾರ. ಅಂದರೆ ನನ್ನ ಜೊತೆ ಜಗಳವಾಡಿದ ದಿನ. ನಾನು ಡ್ರೈವರನ್ನು ಮನೆಗೆ ಕಳಿಸುವ ಮುಂಚಿನ ದಿನ.

ಬ್ಯಾಂಕಿಗೆ ಫೋನ್ ಮಾಡಿದೆ, ಹಿಂದಿನ ಓಣಿಗೆ ಬನ್ನಿ ಎಂದೆ. ಬಂದರು. ಕಸದ ಡಬ್ಬಿಗಳ ಹತ್ತಿರ ನಿಂತು ಒಂದೇ ಉಸಿರಿಗೆ ಹೇಳಿದರು. ಒಂದು ದೊಡ್ಡ ಸಾಲ. ಕಟ್ಟಡ ಕಟ್ಟಿಸಿ ಮಾರುವವನೊಬ್ಬನಿಗೆ ಕೊಟ್ಟದ್ದು. ಅವನು ಕೈ ಎತ್ತಿ ಎಷ್ಟೋ ತಿಂಗಳಾಗಿದೆ, ಮ್ಯಾನೇಜರ್ ಮುಚ್ಚಿಟ್ಟಿದ್ದಾರೆ. ಇವರಿಗೆ ಜನವರಿಯಿಂದ ಗೊತ್ತು. ಸೋಮವಾರ ದುಡ್ಡು ಬರುವುದಿಲ್ಲ. ಸೋಮವಾರ ಬರುವುದು ತನಿಖೆಯವರು, ಬಾಗಿಲು ಮುಚ್ಚಿಸಲು.

‘ನಿನ್ನ ಚೀಟಿ ನೋಡಿದ ದಿನ ಎದೆ ಧಸಕ್ಕಂತು. ಯಾರೋ ನಿನಗೆ ಹೇಳಿದ್ದಾರೆ ಅಂದ್ಕೊಂಡೆ.’

‘ನನಗ್ಯಾಕೆ ಹೇಳಲಿಲ್ಲ?’

‘ಹೇಗೆ ಹೇಳ್ಲಿ? ಯಾರು ಬಂದು ಏನು ಕೇಳಿದ್ರೂ ಹೇಳೋದೇ ನಿನ್ನ ಕೆಲಸ. ನಿನಗೆ ಹೇಳಿದ್ರೆ ಬೀದಿಗೆ ಹೇಳಿದ ಹಾಗೆ. ಒಳಗಿನ ಸುದ್ದಿ ನನ್ನಿಂದ ಹೊರಗೆ ಹೋಯ್ತು ಅಂತಾದ್ರೆ ಕೆಲಸ ಅಲ್ಲ ಕಣೇ, ಜೈಲು.’

‘ಅಮ್ಮನ ದುಡ್ಡು ಮಾತ್ರ ತೆಗೆದ್ರಿ.’

‘ಅಮ್ಮನ ಹತ್ರ ಇರೋದೇ ಅದು. ನಂದು, ನಿಂದು ಅಲ್ಲೇ ಇದೆ. ಅದನ್ನ ಮುಟ್ಟಿಲ್ಲ ನಾನು.’

ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಹೊಡೆಯಬೇಕು ಅನ್ನಿಸಿತು. ಮೇಲಿಂದ ಯಾರೋ ಕಿಟಕಿ ತೆಗೆದರು, ಇವರು ಓಡಿದರು.

ಈಗ ಇಲ್ಲಿ ಕೂತಿದ್ದೇನೆ. ಕೌಂಟರ್ ಒಂದು ಗಂಟೆಯವರೆಗೆ. ಎದುರಿಗೆ ಇವತ್ತು ಕ್ಯೂ ಚಿಕ್ಕದು, ನಿನ್ನೆ ನಾನು ದುಡ್ಡು ಕಟ್ಟಿದ್ದನ್ನು ನೋಡಿ ಎಷ್ಟೋ ಜನ ಬಂದೇ ಇಲ್ಲ. ಗೋಡೆಯ ಆ ಕಡೆ ಟೈಲರಮ್ಮನ ಮಿಷನ್ ಓಡುತ್ತಿದೆ. ನಿಲ್ಲುತ್ತದೆ, ಮತ್ತೆ ಓಡುತ್ತದೆ. ಹೇಳಿದರೆ ಇವರು ಜೈಲಿಗೆ. ಹೇಳದಿದ್ದರೆ ಅವಳು ಬೀದಿಗೆ. ಅವಳನ್ನು ಕ್ಯೂನಿಂದ ಎಳೆದದ್ದು ಬೇರೆ ಯಾರೂ ಅಲ್ಲ, ನಾನು.

ಮಿಷನ್ ಮತ್ತೆ ನಿಂತಿತು. ಹೋಗುತ್ತೇನೆ.

ಅದೇ ದಿನ, ಸಂಜೆ

ಹೇಳಿದೆ. ‘ಈಗಲೇ ಹೋಗಿ ತಗೋ. ಯಾಕೆ ಅಂತ ಕೇಳಬೇಡ’ ಎಂದೆ. ಕೇಳಲಿಲ್ಲ. ನನ್ನ ಮುಖದಲ್ಲಿ ಏನು ಕಂಡಳೋ, ಅರ್ಧ ಹೊಲಿದ ತೋಳನ್ನು ಸೂಜಿಯಡಿ ಹಾಗೇ ಬಿಟ್ಟು ಎದ್ದಳು. ಬಾಗಿಲಲ್ಲಿ ಮಾತ್ರ ನಿಂತು, ‘ಬೇರೆಯವರು ಅಕ್ಕ?’ ಎಂದಳು. ‘ನೀನು ಹೋಗು’ ಎಂದೆ.

ದಿನದ ಮಿತಿ ಇತ್ತಲ್ಲ. ಅವಳಿಗೆ ಮಿತಿ ಹಾಕಲಿಲ್ಲವಂತೆ. ಇವರೇ ಪೂರ್ತಿ ಕೊಟ್ಟರಂತೆ, ಕಾಗದ ಸುತ್ತಿ. ‘ಅಣ್ಣ ತಲೆ ಎತ್ತಲೇ ಇಲ್ಲ’ ಎಂದಳು. ಅವಳು ಅಳುತ್ತಿದ್ದಳು, ನಾನು ಅಳಲಿಲ್ಲ.

ಆಮೇಲೆ ಫೋನ್ ಕೈಯಲ್ಲಿ ಹಿಡಿದು ಕೂತೆ. ಡ್ರೈವರ್ ನಂಬರ್ ಇದೆ, ಹೊಸ ಪುಸ್ತಕ ಬಂದಾಗೆಲ್ಲ ಫೋನ್ ಮಾಡುತ್ತೇನಲ್ಲ. ಮನೆ ದೂರ, ಆದರೂ ಆಟೋ ಹಿಡಿದರೆ ಒಂದು ಗಂಟೆ ಹೊಡೆಯುವುದರೊಳಗೆ ಬರಬಹುದಿತ್ತು. ಹೆಸರು ತೆಗೆದೆ. ಒತ್ತಲಿಲ್ಲ. ಅವರ ಗಂಟಲು ದೊಡ್ಡದು. ಬ್ಯಾಂಕಿನ ಬಾಗಿಲಲ್ಲೇ ನಿಂತು ಎಲ್ಲರಿಗೂ ಹೇಳುತ್ತಾರೆ, ಹೇಳದೆ ಇರುವ ಜಾಯಮಾನವಲ್ಲ. ಯಾರು ಹೇಳಿದರು ಎಂದರೆ ಮೇಡಂ ಹೇಳಿದರು ಎನ್ನುತ್ತಾರೆ. ಮೇಡಂಗೆ ಯಾರು ಹೇಳಿದರು? ಅಲ್ಲಿಂದ ಇವರ ಕೈಗೆ ಕೋಳ ಎಷ್ಟು ದೂರ?

ಹೀಗೆ ಲೆಕ್ಕ ಹಾಕುತ್ತಲೇ ಇದ್ದೆ. ಎದುರಿನ ಶಟರ್ ಇಳಿಯಿತು.

ಇವರು ಮನೆಗೆ ಬಂದು ಕೇಳಿದರು. ‘ಎಷ್ಟು ಜನಕ್ಕೆ ಹೇಳಿದೆ?’

‘ಒಬ್ಬಳಿಗೆ.’

‘ನಾನೂ ಒಬ್ಬಳದೇ ತೆಗೆದದ್ದು, ಅಮ್ಮನದು’ ಎಂದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರ್ಚ್ 18, ಸೋಮವಾರ

ಶಟರ್ ಮೇಲೇಳಲಿಲ್ಲ. ನೋಟಿಸ್ ಅಂಟಿಸಿದ್ದಾರೆ. ಜನ... ಬೇಡ. ಇವರನ್ನೂ ಮ್ಯಾನೇಜರನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು, ವಿಚಾರಣೆಗೆ. ರಾತ್ರಿಯ ಊಟಕ್ಕೆ ಬರುತ್ತಾರೆ ಎಂದರು. ಅತ್ತೆ ಮೂರು ತಟ್ಟೆ ಹಾಕಿ ಕೂತಿದ್ದಾರೆ.

ಮಾರ್ಚ್ 21, ಗುರುವಾರ

ಇವರು ಬಂದಿದ್ದಾರೆ. ದಿನಾ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು.

ನಾನು ಅಂಗಡಿಗೆ ಹೋದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ. ಓನರ್ ಆರ್ಡರ್ ಹಾಕಿದ್ದ ಬ್ಯಾಂಕಿನ ಪುಸ್ತಕದ ಕಟ್ಟು ಬಂದಿತ್ತು, ಬಿಚ್ಚಿದ ಕೂಡಲೇ ಹೋಗುತ್ತಿದೆ. ದುಡ್ಡು ಕಳೆದುಕೊಂಡವರೇ ಕೊಳ್ಳುತ್ತಿದ್ದಾರೆ. ಹೂವಿನಾಕೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಓನರ್ ಕೈಯಿಂದ ತೆಗೆದುಕೊಂಡಳು. ಒಳಗೆ ಹೋಗಿ ನೀರು ಕುಡಿದು ಬಂದೆ.

ಮೂರು ಗಂಟೆಯ ಹೊತ್ತಿಗೆ ಡ್ರೈವರ್ ಬಂದರು. ಬಾಗಿಲಿನ ಎರಡು ಮೆಟ್ಟಿಲು ಹತ್ತಲು ಚೌಕಟ್ಟು ಹಿಡಿದುಕೊಂಡರು. ಸ್ಟೂಲ್ ಎಳೆದುಕೊಟ್ಟೆ. ಕೂರಲಿಲ್ಲ.

‘ಮೇಡಂ, ಒಂದು ಕೇಳ್ತೀನಿ. ಹೋದ ಗುರುವಾರ ನನ್ನ ಕ್ಯೂನಿಂದ ವಾಪಸ್ ಕಳಿಸಿದ್ರಲ್ಲ. ಆವಾಗ ನಿಮಗೆ ಗೊತ್ತಿತ್ತಾ?’

‘ಇಲ್ಲ. ದೇವರಾಣೆ ಗೊತ್ತಿರಲಿಲ್ಲ.’

ನನ್ನ ಮುಖವನ್ನು ಅವತ್ತಿನಂತೆಯೇ ನೋಡಿದರು. ಆಮೇಲೆ ಉಸಿರು ಬಿಟ್ಟು ಸ್ಟೂಲಿನ ಮೇಲೆ ಕೂತರು. ‘ಇಷ್ಟೇ ಬೇಕಿತ್ತು ನೋಡಿ. ಮನೇಲಿ ಮಗ, ಸೊಸೆ, ಎಲ್ಲಾ ಒಂದೇ ರಾಗ. ಆಯಮ್ಮಂಗೆ ಗೊತ್ತಿತ್ತು, ಬೇಕಂತಲೇ ಕಳಿಸಿದ್ಲು ಅಂತ. ನಾನು ಜಗಳ ಆಡಿದೆ. ಆಕೆ ಗೊತ್ತಿದ್ದು ಗೊತ್ತಿದ್ದು ಸುಳ್ಳು ಹೇಳೋ ಜನ ಅಲ್ಲ ಅಂದೆ. ಕಾಲು ಹೋದ್ರೆ ಹೋಗ್ಲಿ, ಇನ್ನೆಲ್ಲಿಗೆ ಓಡಬೇಕು ನಾನು.’

ಚಹಾ ತರಿಸಲಾ ಎಂದೆ. ಬೇಡ ಎಂದರು. ಕಪಾಟಿನ ಕಡೆ ನೋಡಿ, ಹೊಸದೇನಾದರೂ ಬಂದಿದೆಯಾ ಎಂದರು. ಚುನಾವಣೆಗಳ ಬಗ್ಗೆ ಒಂದು ಬಂದಿತ್ತು, ತೆಗೆದುಕೊಟ್ಟೆ. ದುಡ್ಡು ಆಮೇಲೆ ಕೊಡಿ ಎಂದೆ. ಪುಟ ತಿರುವಿದರು, ಮುನ್ನುಡಿಯ ಜೊತೆ ಆಗಲೇ ಸಣ್ಣ ಜಗಳ ತೆಗೆದರು. ಒಂದು ಕ್ಷಣ ಎಲ್ಲ ಮೊದಲಿನಂತೆ ಇತ್ತು. ನಾನು ನಕ್ಕೆ ಕೂಡ.

ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. ಬಾಗಿಲವರೆಗೆ ಹೋದವರು ಅಲ್ಲಿಂದ ಪಕ್ಕದ ಕೋಣೆಯ ಕಡೆ ನೋಡಿದರು. ಟೈಲರಮ್ಮ ಗೋಡೆಗೆ ಸುಣ್ಣ ಹೊಡೆಸುತ್ತಿದ್ದಳು.

‘ಟೈಲರಮ್ಮ ಶನಿವಾರ ಪೂರ್ತಿ ತಗೊಂಡ್ಲಂತಲ್ಲ’ ಎಂದರು. ಸಿಟ್ಟಿನಿಂದಲ್ಲ, ಮಾತಿಗೆ ಮಾತು ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿದರು. ‘ಶನಿವಾರಾನೂ ನಿಮಗೆ ಗೊತ್ತಿರಲಿಲ್ವಾ ಮೇಡಂ?’

ಅದಕ್ಕೆ ನಾನು ‘ಇಲ್ಲ’ ಎಂದೆ, ಈ ಸಲ ದೇವರಾಣೆ ಮಾತ್ರ ಹಾಕಲಿಲ್ಲ.